ಎಕ್ಸೆಲ್ ಹಾಳೆಯಲ್ಲಿ ಕೇಯಾಸ್: ನನ್ನ ಅನುಭವ

ನಾನು ಓದಿದ್ದು ಬಿ.ಕಾಂ., ಕೆಲಸ ಅಕೌಂಟ್ಸ್. ಮ್ಯಾಂಡಲ್‌ಬ್ರಾಟ್ ಸೆಟ್ ಅನ್ನುವ ಗಣಿತದ ಚಿತ್ರದ ಒಳಗೆ ಎಷ್ಟು ಹೋದರೂ ಮುಗಿಯದ ಆ ಜೂಮ್ ವಿಡಿಯೊಗಳಿವೆಯಲ್ಲ, ಮಲಗುವ ಮುಂಚೆ ಅವನ್ನು ನೋಡುವುದು ಸುಮಾರು ಒಂದು ವರ್ಷ ನನ್ನ ಚಾಳಿಯಾಗಿತ್ತು. ನೋಡಿ ನೋಡಿ, ಫ್ರ್ಯಾಕ್ಟಲ್ ಅಂದರೆ ಏನು ಅಂತ ನನಗೆ ಗೊತ್ತು ಅನ್ನಿಸಿಬಿಟ್ಟಿತ್ತು. ಒಂದು ದಿನ ಊಟದ ಹೊತ್ತಲ್ಲಿ ಪಕ್ಕದ ಟೇಬಲ್ಲಿನವರು "ಅದೇನ್ರೀ ಅದು" ಅಂದರು. ಎರಡು ವಾಕ್ಯ ಹೇಳಿದೆ. ಮೂರನೆಯದು ಬಾಯಿಗೆ ಬರಲಿಲ್ಲ. "ಒಳಗೆ ಹೋದಷ್ಟೂ ಅದೇ ಕಾಣುತ್ತೆ" ಅಂದೆ. "ನಮ್ಮ ಪೆಂಡಿಂಗ್ ಫೈಲ್ ಥರಾನಾ" ಅಂತ ಅವರು ಡಬ್ಬಿ ಮುಚ್ಚಿದರು.

ಅವತ್ತೇ ಫ್ರ್ಯಾಕ್ಟಲ್ಲನ್ನೂ ಅದರ ಜೊತೆಗೇ ಬರುವ ಕೇಯಾಸನ್ನೂ, ಅಂದರೆ ಸರಳ ಸೂತ್ರದಿಂದಲೇ ಹುಟ್ಟುವ ಗೊಂದಲವನ್ನೂ, ಸರಿಯಾಗಿ ಕಲಿಯೋಣ ಅಂತ ಕೂತೆ. ಮೊದಲು ಹಿಡಿದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವನ್ ಸ್ಟ್ರೊಗಾಟ್ಸ್ ಅವರ ಯೂಟ್ಯೂಬ್ ಪಾಠಗಳನ್ನು. ಪಾಠ ಮಾಡುವ ರೀತಿ ಚಂದ, ಆದರೆ ಶುರುವಿನಿಂದಲೇ ಡಿಫರೆನ್ಷಿಯಲ್ ಈಕ್ವೇಶನ್. ಕ್ಯಾಲ್ಕುಲಸ್ ಬರದ ನನಗೆ ಅದು ಕಥೆ ಕೇಳಿದ ಹಾಗೆ ಆಯಿತು. ಆಗ ಐಐಟಿ ಖರಗ್‌ಪುರದಲ್ಲಿದ್ದ ಸೌಮಿತ್ರ ಬ್ಯಾನರ್ಜಿ ಅವರು ಎನ್‌ಪಿಟಿಇಎಲ್‌ಗೆ (ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆ) ಮಾಡಿದ ಪಾಠಗಳೂ ಇವೆ. ಅವಕ್ಕೆ ಆಮೇಲೆ ವಾಪಸ್ ಬಂದೆ, ಮೊದಲ ಸಲ ಓಡಿಹೋಗಿದ್ದೆ. ನನ್ನಂಥವರಿಗೆ ಸರಿಹೊಂದಿದ್ದು ಅಮೆರಿಕದ ಸಾಂತಾ ಫೆ ಇನ್‌ಸ್ಟಿಟ್ಯೂಟಿನ ಕಾಂಪ್ಲೆಕ್ಸಿಟಿ ಎಕ್ಸ್‌ಪ್ಲೋರರ್ ಅನ್ನುವ ವೆಬ್‌ಸೈಟಿನಲ್ಲಿ ಡೇವಿಡ್ ಫೆಲ್ಡ್‌ಮನ್ ಮಾಡುವ ಕೋರ್ಸು. ದುಡ್ಡಿಲ್ಲ, ಹೈಸ್ಕೂಲಿನ ಬೀಜಗಣಿತ ನೆನಪಿದ್ದರೆ ಸಾಕು. ಇಂಗ್ಲಿಷ್ ನಿಧಾನಕ್ಕೆ ತಲೆಗೆ ಇಳಿಯಲಿ ಅಂತ ವೇಗ ಕಡಿಮೆ ಮಾಡಿಕೊಂಡು, ಪ್ರತಿ ಪದಕ್ಕೂ ನೋಟ್‌ಬುಕ್ಕಿನಲ್ಲಿ ನನ್ನದೇ ಕನ್ನಡ ಬರೆದುಕೊಂಡು ಕೇಳಿದೆ. 'ಅಟ್ರಾಕ್ಟರ್' ನನ್ನ ಬುಕ್ಕಿನಲ್ಲಿ 'ಕೊನೆಗೆ ಬಂದು ಸೇರೋ ಜಾಗ'. ಈಗಲೂ ಹಾಗೇ ಇದೆ.

ಆದರೆ ನಿಜವಾಗಿ ತಲೆಗೆ ಹೋಗಿದ್ದು ಎಕ್ಸೆಲ್ ತೆರೆದ ಮೇಲೆ. ಲಾಜಿಸ್ಟಿಕ್ ಮ್ಯಾಪ್ ಅಂತ ಒಂದು ಸೂತ್ರ ಇದೆ. ಹೊಸ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್). ಅಷ್ಟೇ. ಎಕ್ಸ್ ಅಂದರೆ ಕೆರೆಯಲ್ಲಿರುವ ಮೀನು ಅಂದುಕೊಳ್ಳಿ, ಕೆರೆ ಹಿಡಿಯುವ ಗರಿಷ್ಠ ಸಂಖ್ಯೆಯ ಎಷ್ಟನೇ ಪಾಲು ಅಂತ. ಆರ್ ಅಂದರೆ ಮರಿ ಹಾಕುವ ಜೋರು. 1976ರಲ್ಲಿ ರಾಬರ್ಟ್ ಮೇ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಇದು ಹೆಸರುವಾಸಿ ಆಯಿತು. ಒಂದು ಸೆಲ್‌ನಲ್ಲಿ ಸೂತ್ರ ಹಾಕಿ ಕೆಳಗೆ ಎಳೆದರೆ ಮುಗಿಯಿತು, ನಮಗೆ ದಿನಾ ಮಾಡುವ ಕೆಲಸ ಅಲ್ವಾ!

ಆರ್ 2 ಇಟ್ಟು 0.1ರಿಂದ ಶುರು ಮಾಡಿದೆ. 0.18, 0.2952, 0.4161... ಏಳೆಂಟು ಸಾಲಿನಲ್ಲಿ 0.5ಕ್ಕೆ ಬಂದು ಕೂತಿತು. ಆರ್ 3.2 ಮಾಡಿದರೆ ಕೂರುವುದಿಲ್ಲ: 0.513, 0.7995, ಮತ್ತೆ 0.513. 3.5ಕ್ಕೆ ನಾಲ್ಕು ಸಂಖ್ಯೆ ಸರದಿಯಲ್ಲಿ. ಆಮೇಲೆ ಎಂಟು, ಹದಿನಾರು. 3.57 ದಾಟಿದರೆ ಎಲ್ಲ ಕಲಸುಮೇಲೋಗರ. ಆ ಗದ್ದಲದ ಮಧ್ಯೆ 3.83ರಲ್ಲಿ ಸಡನ್ನಾಗಿ ಮೂರೇ ಸಂಖ್ಯೆ: 0.156, 0.505, 0.957. ಸಂಜೆ ಆರೂವರೆಗೆ ಆಫೀಸಿನಲ್ಲಿ ಒಬ್ಬನೇ ಕೂತು ಇದನ್ನು ನೋಡಿದಾಗ ಮೈ ಜುಮ್ಮೆಂದಿತು. ವಿಡಿಯೊದಲ್ಲಿ ಇದೇ ಚಿತ್ರವನ್ನು ಹತ್ತು ಸಲ ನೋಡಿದ್ದೆ, ಆಗ ಏನೂ ಆಗಿರಲಿಲ್ಲ.

ವಿಡಿಯೊದಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಆರ್ ಸರಿಯಾಗಿ 3 ಇಟ್ಟೆ. ಪಾಠದ ಪ್ರಕಾರ ಅದು ಒಂದೇ ಕಡೆ, 0.6667ಕ್ಕೆ ಬಂದು ನಿಲ್ಲಬೇಕು. ನಿಲ್ಲಲಿಲ್ಲ. 1000ನೇ ಸಾಲಿನಲ್ಲೂ 0.66, 0.67 ಅಂತ ಆ ಕಡೆ ಈ ಕಡೆ ಕುಣೀತಾನೇ ಇತ್ತು. ಎರಡು ದಿನ ನನ್ನ ಸೂತ್ರದಲ್ಲಿ ತಪ್ಪು ಹುಡುಕಿದೆ. ತಪ್ಪು ಇರಲಿಲ್ಲ. ಒಂದು ಸಂಖ್ಯೆ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅದು ನಿಲ್ಲುವುದು ಭಾರೀ ನಿಧಾನ, ಕುಣಿತ ಅರ್ಧ ಆಗಬೇಕಾದರೆ ಸಾಲುಗಳು ನಾಲ್ಕು ಪಟ್ಟು ಬೇಕು. ಎರಡು ದಿನ ದಂಡ ಅನ್ನಿಸಿತ್ತು, ಆದರೆ ಕವಲು ಅಂದರೆ ಏನು ಅಂತ ಅರ್ಥ ಆಗಿದ್ದೇ ಅಲ್ಲಿ. ಇನ್ನೊಂದು ಪೆದ್ದುತನ: ಆರ್ 4 ಇಟ್ಟು 0.5ರಿಂದ ಶುರು ಮಾಡಿ, ಮೂರನೇ ಸಾಲಿಗೇ ಸೊನ್ನೆ ಬಂದು ಹಾಳೆ ಪೂರ್ತಿ ಸೊನ್ನೆ ತುಂಬಿದಾಗ, ಕೇಯಾಸ್ ಎಲ್ಲಿ ಸ್ವಾಮಿ ಅಂತ ಹುಡುಕಿದ್ದು. ಕೈಯಲ್ಲಿ ಗುಣಿಸಿ ನೋಡಿ, ನಗು ಬರುತ್ತೆ.

ಆಮೇಲೆ ಚಿಟ್ಟೆಯ ವಿಷಯ, ಒಂದು ಚಿಟ್ಟೆ ರೆಕ್ಕೆ ಬಡಿದರೆ ಎಲ್ಲೋ ಬಿರುಗಾಳಿ ಏಳಬಹುದು ಅಂತಾರಲ್ಲ, ಅದು. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕ ಮಾಡುವಾಗ 0.506127 ಅನ್ನುವ ಕಡೆ ಸುಮ್ನೆ 0.506 ಅಂತ ಹಾಕಿದರು, ಬಂದ ಹವಾಮಾನವೇ ಬೇರೆ. ಅಕೌಂಟ್ಸ್‌ನವರಿಗೆ ಇದು ನಂಬಲಾಗದ ಮಾತು. ನಮ್ಮಲ್ಲಿ 'ರೌಂಡ್ ಆಫ್' ಅಂತ ಒಂದು ಲೆಡ್ಜರೇ ಇದೆ, ಪೈಸೆಗಳೆಲ್ಲ ಅಲ್ಲಿ ಹೋಗಿ ತಣ್ಣಗೆ ಮಲಗುತ್ತವೆ. ಹಾಗಾಗಿ ಆರ್ 3.9 ಇಟ್ಟು, ಒಂದು ಕಾಲಂ 0.3ರಿಂದ, ಇನ್ನೊಂದು 0.3000001ರಿಂದ ಶುರು ಮಾಡಿದೆ. ಇಪ್ಪತ್ತು ಸಾಲು ಜೊತೆಜೊತೆಗೇ ಹೋದವು. ನಲವತ್ತರ ಹೊತ್ತಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಇಷ್ಟಾದರೂ ಒಪ್ಪಬಹುದು, ಶುರುವಿನ ಸಂಖ್ಯೆಯೇ ಬೇರೆ ಅಲ್ವಾ? ಮುಂದಿನದು ನನ್ನ ನಿದ್ದೆ ಕೆಡಿಸಿತು. ಎರಡೂ ಕಾಲಂನಲ್ಲಿ 0.3 ಹಾಕಿದೆ. ಒಂದರಲ್ಲಿ ಆರ್ × ಎಕ್ಸ್ × (1 − ಎಕ್ಸ್), ಇನ್ನೊಂದರಲ್ಲಿ ಅದನ್ನೇ ಬಿಡಿಸಿ ಆರ್ × ಎಕ್ಸ್ − ಆರ್ × ಎಕ್ಸ್ × ಎಕ್ಸ್. ಏಳನೇ ಕ್ಲಾಸಿನ ಮಗುವೂ ಎರಡೂ ಒಂದೇ ಅನ್ನುತ್ತೆ. ತೊಂಬತ್ತು ಸಾಲು ದಾಟುವ ಹೊತ್ತಿಗೆ ಎರಡೂ ಬೇರೆ ಬೇರೆ ಉತ್ತರ ಕೊಡುತ್ತಿದ್ದವು. ಕಂಪ್ಯೂಟರ್ ಸುಮಾರು 16 ಅಂಕಿಯವರೆಗೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತದೆ, ಎರಡು ಕಾಲಂನಲ್ಲೂ ಕತ್ತರಿಸುವ ಜಾಗ ಬೇರೆ, ಆ ಹದಿನಾರನೇ ಅಂಕಿಯ ಧೂಳು ಸಾಲು ಸಾಲಿಗೂ ಬೆಳೆದು ಬೆಟ್ಟವಾಗುತ್ತದೆ. ಹಾಗಾದರೆ ಎರಡರಲ್ಲಿ ಯಾವುದು ಸರಿ? ಎರಡೂ ತಪ್ಪು!

ಫ್ರ್ಯಾಕ್ಟಲ್‌ಗೂ ಹಾಳೆಯನ್ನೇ ಬಳಸಿದೆ. ತ್ರಿಕೋನದ ಮೂರು ಮೂಲೆ, ಎಲ್ಲೋ ಒಂದು ಚುಕ್ಕೆ. ಲಾಟರಿ ಎತ್ತಿ ಒಂದು ಮೂಲೆ ಆರಿಸು, ಅದರ ಕಡೆಗೆ ಅರ್ಧ ದಾರಿ ಹೋಗು, ಚುಕ್ಕೆ ಇಡು. 5000 ಸಾಲು ಎಳೆದು ಸ್ಕ್ಯಾಟರ್ ಚಾರ್ಟ್ ಹಾಕಿದರೆ ತ್ರಿಕೋನದೊಳಗೆ ತ್ರಿಕೋನ ತುಂಬಿದ ಸಿಯರ್ಪಿನ್‌ಸ್ಕಿ ತ್ರಿಕೋನ ಬರುತ್ತೆ, ರಂಗೋಲಿ ಬಿಟ್ಟ ಹಾಗೆ. ಪ್ರತಿ ಸಲ ಏನಾದರೂ ಟೈಪ್ ಮಾಡಿದಾಗ ಎಕ್ಸೆಲ್ ಲಾಟರಿಯನ್ನು ಹೊಸದಾಗಿ ಎತ್ತುತ್ತದೆ, 5000 ಚುಕ್ಕೆಯೂ ಜಾಗ ಬದಲಿಸುತ್ತವೆ, ಆದರೆ ಚಿತ್ರ ಮಾತ್ರ ಅದೇ. ಚೌಕದ ನಾಲ್ಕು ಮೂಲೆ ಇಟ್ಟು ನೋಡಿದೆ, ಇನ್ನೂ ಚಂದ ಬರುತ್ತೆ ಅನ್ನುವ ಆಸೆಯಿಂದ. ಬರೀ ಚುಕ್ಕೆ ತುಂಬಿದ ಚೌಕ, ರವೆ ಚೆಲ್ಲಿದ ಹಾಗೆ.

ಫ್ರ್ಯಾಕ್ಟಲ್ ಡೈಮೆನ್ಷನ್ ಮಾತ್ರ ತುಂಬಾ ದಿನ ಒಗ್ಗಲಿಲ್ಲ. ಗೆರೆಗೆ ಆಯಾಮ 1, ಹಾಳೆಗೆ 2, ಸರಿ; 1.26 ಆಯಾಮ ಅಂದರೆ ಏನು ಕರ್ಮ? ದಾರಿ ತೋರಿಸಿದ್ದು ಒಂದು ಸುದ್ದಿ. ಭಾರತದ ಕರಾವಳಿ 7516 ಕಿ.ಮೀ. ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಸರ್ಕಾರ ಈಚೆಗೆ ಅದನ್ನು 11,098 ಅಂತ ತಿದ್ದಿತು. ಸಮುದ್ರ ಬೆಳೆಯಲಿಲ್ಲ. ಹಳೆಯದು 1970ರ ದಶಕದ ಅಳತೆ, ನಕ್ಷೆಯ ಪ್ರಮಾಣ ಒಂದಕ್ಕೆ 45 ಲಕ್ಷ. ಹೊಸದರಲ್ಲಿ ಎರಡೂವರೆ ಲಕ್ಷ. ಅಂದರೆ 18 ಪಟ್ಟು ಸೂಕ್ಷ್ಮ, ಹಾಗಾಗಿ ಹಿಂದೆ ಕಾಣದ ಅಂಕುಡೊಂಕುಗಳೆಲ್ಲ ಲೆಕ್ಕಕ್ಕೆ ಬಂದವು. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ 1967ರಲ್ಲಿ ಗಣಿತಜ್ಞ ಮ್ಯಾಂಡಲ್‌ಬ್ರಾಟ್ ಕೇಳಿದ್ದೂ ಇದೇ ಪ್ರಶ್ನೆ. ಅವರು ಅದರ ಪಶ್ಚಿಮ ತೀರಕ್ಕೆ ಕೊಟ್ಟ ಆಯಾಮ 1.25.

ತಕ್ಷಣ ಹಾಳೆ ತೆರೆದೆ. ಉದ್ದ ಎಷ್ಟು ಪಟ್ಟು ಆಯಿತೋ ಅದರ ಲಾಗ್, ಭಾಗಿಸು 18ರ ಲಾಗ್, ಅದಕ್ಕೆ 1 ಕೂಡಿಸು. ದೇಶಕ್ಕೆ 1.13 ಬಂತು. ನಮ್ಮ ಕರ್ನಾಟಕ 280ರಿಂದ 343 ಕಿ.ಮೀ.: 1.07, ಕಾರವಾರದಿಂದ ಮಂಗಳೂರಿನವರೆಗೆ ಹೆಚ್ಚು ಕಡಿಮೆ ನೇರ ಗೆರೆ. ಗುಜರಾತ್ 1214ರಿಂದ 2340: 1.23. ಪಶ್ಚಿಮ ಬಂಗಾಳ 157ರಿಂದ 721: 1.53! ಸುಂದರ್‌ಬನ್‌ನ ನಕ್ಷೆ ತೆರೆದು ನೋಡಿದೆ. ಅದು ಗೆರೆಯಲ್ಲ, ಬೇರಿನ ಜಟೆ. ಆಯಾಮ ಅಂದರೆ ಆ ಜಟೆಯ ಅಳತೆ ಅಂತ ಅವತ್ತು ಅರ್ಥ ಆಯಿತು.

ಎರಡೇ ಅಳತೆಯಿಂದ ಮಾಡಿದ ಲೆಕ್ಕ, ಅಳೆಯುವ ವಿಧಾನವೂ ಬದಲಾಗಿದೆ, ಬರೀ ಅಂದಾಜು. ನನಗೂ ಗೊತ್ತು. ಯಾಕೆಂದರೆ ಪಟ್ಟಿಯಲ್ಲಿ ಪುದುಚೇರಿಯೂ ಇತ್ತು, ಅದರ ಕರಾವಳಿ ಸುಮಾರು ಹತ್ತು ಪರ್ಸೆಂಟ್ ಕಡಿಮೆಯಾಗಿದೆ. ನನ್ನ ಸೂತ್ರ ಅದಕ್ಕೆ ಕೊಟ್ಟ ಆಯಾಮ 0.96. ಗೆರೆಗಿಂತ ಕಡಿಮೆಯ ಗೆರೆ. ಆ ಸೆಲ್‌ಗೆ ಹಳದಿ ಬಣ್ಣ ಹಾಕಿ ಬಿಟ್ಟಿದ್ದೇನೆ, ಟ್ಯಾಲಿಯಾಗದ ಎಂಟ್ರಿಗೆ ಹಾಕುವ ಹಾಗೆ.