ಬಾರ್ಥೆಲ್ ಫಾರ್ಮಿಗೆ ಇನ್ನೊಂದು ಕಾಲಂ ಹಾಕಿದ್ದು

"ಇದ್ದ ಫಾರ್ಮ್ ತುಂಬುವುದಕ್ಕೇ ಪುರುಸೊತ್ತಿಲ್ಲ, ಇನ್ನೊಂದು ಕಾಲಂ ಯಾಕೆ?" ಎಂದವರೇ ಈಗ ನಕಲು ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬಾರ್ಥೆಲ್ ಎಂದರೆ ಲಕ್ವ ಹೊಡೆದವರಂಥ ರೋಗಿಗಳು ಊಟ, ಸ್ನಾನ, ನಡೆದಾಟದಂಥ ದಿನದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂದು ಅಂಕ ಹಾಕುವ ಫಾರ್ಮ್. ಹತ್ತು ಅಂಶ, 100 ಅಂಕ, ಅದನ್ನು ಮುಟ್ಟಿಲ್ಲ. ಮೊದಲ ಕಾಲಂ 'ಮಾಡುತ್ತಾರೆ': ಕಳೆದ 24ರಿಂದ 48 ಗಂಟೆಯಲ್ಲಿ ನಿಜಕ್ಕೂ ಮಾಡಿದ್ದು. ಮಲಮೂತ್ರದ ಹಿಡಿತಕ್ಕೆ ಹಿಂದಿನ ಒಂದು ವಾರ. ಎರಡನೆಯದು 'ಮಾಡಬಲ್ಲರು': ಥೆರಪಿ ಕೋಣೆಯಲ್ಲಿ ಮಾಡಿ ತೋರಿಸಿದ್ದು. ಒಟ್ಟು ಸ್ಕೋರ್ ಮೊದಲನೆಯದರದ್ದು ಮಾತ್ರ.

ಆರಂಭದಲ್ಲಿ ರೋಗಿಯನ್ನಷ್ಟೇ ಕೇಳಿ ಮೋಸಹೋದೆ. ಎಡಭಾಗದ ಅರಿವೇ ಇಲ್ಲದವರು ಎಲ್ಲಕ್ಕೂ "ನಾನೇ ಮಾಡ್ಕೋತೀನಿ" ಅನ್ನುತ್ತಾರೆ. ಮಾತು ಹೋದವರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಊಟಕ್ಕೆ ಪೂರ್ತಿ 10 ಹಾಕಿರುತ್ತೇವೆ; ತುಂಡು ಮಾಡಿ ಕೊಟ್ಟವರು ಬೇರೊಬ್ಬರಾಗಿದ್ದರೆ ಅದು 5. ಈಗ ರಾತ್ರಿ ಪಾಳಿಯ ನರ್ಸನ್ನೋ ಜೊತೆಗಿದ್ದವರನ್ನೋ ಕೇಳುತ್ತೇನೆ: "ನಿನ್ನೆ ರಾತ್ರಿ ಶೌಚಕ್ಕೆ ಹೋದಾಗ ನೀವು ಎದ್ರಾ?" ಇಂಥವು ಇನ್ನೆರಡು ಪ್ರಶ್ನೆಗಳಿವೆ, ಅವು ನನ್ನ ಹತ್ತಿರವೇ ಇರಲಿ.

ಹೊಸಬರು ಎಡವುವುದು ಇಲ್ಲಿ: ಸ್ನಾನಕ್ಕೆ ಯಾರಾದರೂ ಕಾವಲು ನಿಲ್ಲಬೇಕಿದ್ದರೆ 0. ನಡೆದಾಟದಲ್ಲಿ, ವೀಲ್‌ಚೇರನ್ನು ತಾನೇ ತಳ್ಳಿಕೊಂಡು ಮೂಲೆ ತಿರುಗಿಸುವವರಿಗೆ 5. ಒಬ್ಬರ ಆಸರೆಯಲ್ಲಿ ನಡೆಯುವವರಿಗೆ 10. ಕೋಲು ಹಿಡಿದು ಒಬ್ಬರೇ ನಡೆದರೂ 15 ಪೂರ್ತಿ, ಅಂಕ ಕತ್ತರಿಸಬೇಡಿ. ಮೆಟ್ಟಿಲಿಗೆ ಮಾತ್ರ ಆ ಕೋಲನ್ನೂ ಅವರೇ ಒಯ್ಯಬೇಕು.

ಎರಡು ಕಾಲಂ ನಡುವಿನ ಅಂತರವೇ ನನಗೆ ಬೇಕಾದದ್ದು. ಹಾಸಿಗೆಯಿಂದ ಕುರ್ಚಿಗೆ 'ಮಾಡಬಲ್ಲರು' 15, 'ಮಾಡುತ್ತಾರೆ' 5 ಬಂದರೆ ವ್ಯಾಯಾಮ ಹೆಚ್ಚಿಸುವುದಕ್ಕೆ ಮೊದಲು ಮಂಚದ ಎತ್ತರ ಅಳೆಯುತ್ತೇನೆ. ಒಮ್ಮೊಮ್ಮೆ ಸ್ವಾಧೀನವಿಲ್ಲದ ಬದಿಯ ವೀಲ್‌ಚೇರ್ ಬ್ರೇಕ್ ಎಟುಕುತ್ತಿರುವುದಿಲ್ಲ; ಲಿವರಿಗೆ ಗೇಣುದ್ದದ ಪ್ಲಾಸ್ಟಿಕ್ ಕೊಳವೆ ತೂರಿಸಿದರೆ ಸಾಕು, ಖರ್ಚು ಇಲ್ಲವೆನ್ನುವಷ್ಟು. ಹೆಚ್ಚಿನ ಸಲ ಕಾರಣ ಮನೆಯವರ ಅವಸರ: ಅಂಗಿ ತೊಡಲು ರೋಗಿಗೆ ಹತ್ತು ನಿಮಿಷ ಬೇಕು, ಇವರು ಎರಡರಲ್ಲಿ ತೊಡಿಸಿಬಿಡುತ್ತಾರೆ.

ದುಡ್ಡು ಹಾಳಾದದ್ದು ಮಣಿಕಟ್ಟಿನ ಸೆನ್ಸರಿನಲ್ಲಿ. ಸೋತ ಕೈಯ ಬಳಕೆ ಎಷ್ಟೆಂದು ತಿಳಿಯಲು ಎರಡೂ ಕೈಗೆ ಕಟ್ಟಿ ಚಲನೆಯ ಅನುಪಾತ ತೆಗೆದೆ. ನಡೆಯುವಾಗ ಸುಮ್ಮನೆ ಬೀಸಿದ ಕೈಯನ್ನೂ ಅದು 'ಬಳಕೆ' ಎಂದೇ ಎಣಿಸಿತು. ಈಗ ಕೂತು ಮಾಡುವ ಕೆಲಸಕ್ಕೆ ಮಾತ್ರ ಕಟ್ಟುತ್ತೇನೆ.

5 ಅಂಕ ಏರಿದ್ದಕ್ಕೆ ಹಿಗ್ಗುವುದಿಲ್ಲ, ಅಳೆದವರು ಬದಲಾದರೂ ಅಷ್ಟು ಏರುತ್ತದೆ. 10ರ ಆಸುಪಾಸು ಏರಿದರೆ ನಂಬುತ್ತೇನೆ. 100 ಬಂತೆಂದು ಒಬ್ಬರನ್ನೇ ಮನೆಯಲ್ಲಿ ಬಿಡಬೇಡಿ, ಅಡುಗೆ, ಹಣಕಾಸು, ಬಸ್ಸು ಹತ್ತುವುದು ಯಾವುದೂ ಬಾರ್ಥೆಲ್‌ನಲ್ಲಿಲ್ಲ. 90 ದಾಟಿದವರಿಗೆ ಇಂಥವನ್ನೆಲ್ಲ ಕೇಳುವ ನಾಟಿಂಗ್‌ಹ್ಯಾಮ್‌ನ 22 ಪ್ರಶ್ನೆಗಳ ಹಾಳೆ ತೆಗೆಯುತ್ತೇನೆ, ಅದಕ್ಕೂ ಎರಡು ಕಾಲಂ ಗೀಚಿ.