ಸೈಕಲ್‌ಗೆ ಬೀಗ ಹಾಕುವಾಗ

ಮೈಸೂರಿನ ಸರಸ್ವತಿಪುರಂನಿಂದ ದೇವರಾಜ ಮಾರ್ಕೆಟ್‌ಗೆ ಸೈಕಲ್‌ನಲ್ಲೇ ಹೋಗುವವಳು ನಾನು. ದಾರಿಯಲ್ಲಿ ನಿಂತ ಒಳ್ಳೊಳ್ಳೆ ಸೈಕಲ್‌ಗಳಿಗೂ ತೆಳ್ಳನೆಯ ಕೇಬಲ್ ಲಾಕ್ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಒಂದು ಕಟರ್ ಸಾಕು, ಕ್ಷಣದಲ್ಲಿ ತುಂಡಾಗುತ್ತದೆ. ಗಟ್ಟಿ ಉಕ್ಕಿನ ಯು-ಲಾಕ್, ಅಂದರೆ U ಆಕಾರದ ಬೀಗ, ತಗೊಳ್ಳಿ. ತೂಕ ಜಾಸ್ತಿ, ಆದರೂ ಅದೇ ಸರಿ.

ಹಾಕುವ ರೀತಿ ಇನ್ನೂ ಮುಖ್ಯ. ಬರೀ ಮುಂದಿನ ಚಕ್ರಕ್ಕೆ ಹಾಕಿದರೆ, ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಫ್ರೇಮ್, ಹಿಂದಿನ ಚಕ್ರ, ನೆಲದಲ್ಲಿ ಭದ್ರವಾಗಿ ನೆಟ್ಟ ಕಂಬ, ಮೂರನ್ನೂ ಸೇರಿಸಿ ಬೀಗ ಹಾಕಿ. ಗಿಡ್ಡ ಕಂಬ ಬೇಡ, ಸೈಕಲ್ ಎತ್ತಿ ತೆಗೆದುಬಿಡಬಹುದು ಅಲ್ವಾ? ಲಾಕ್ ಒಳಗೆ ಸರಳು ತೂರಿಸಿ ಮೀಟುವಷ್ಟು ಜಾಗ ಉಳಿಯಬಾರದು.

ಇವತ್ತೇ ಸೈಕಲ್ ತಲೆಕೆಳಗೆ ಮಾಡಿ. ಸಾಮಾನ್ಯವಾಗಿ ಪೆಡಲ್‌ಗಳ ನಡುವೆ, ಫ್ರೇಮಿನ ಅಡಿಯಲ್ಲಿ ಸೈಕಲ್‌ನ ಸೀರಿಯಲ್ ನಂಬರ್ ಕೊರೆದಿರುತ್ತದೆ. ಮಣ್ಣು ಒರೆಸಿ ಫೋಟೊ ತೆಗೆದು, ಬಿಲ್ ಜೊತೆ ಇಟ್ಟುಕೊಳ್ಳಿ. ಕಳವಾದರೆ ಪೊಲೀಸರಿಗೆ ಕೊಡಲು ಬೇಕಾಗುತ್ತದೆ.