ಮೊದಲು ಮೇಲಿನ ಪ್ಲಗ್ ಬಿಚ್ಚಿ: ಜಿಪ್ಸಿಯ ಹೌಸಿಂಗ್ ಆಯಿಲ್ ಮನೆಯಲ್ಲೇ ಬದಲಿಸಿ

ಎಂಜಿನ್ ಆಯಿಲ್ ಬದಲಿಸಲು ಯಾರೂ ಮರೆಯುವುದಿಲ್ಲ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ ನಡುವೆ ಚಕ್ರ ತಿರುಗಿಸುವ ಗೇರ್‌ಗಳಿರುವ ಉಬ್ಬು ಪೆಟ್ಟಿಗೆ), ನಡುವೆ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಈ ಮೂರರ ಆಯಿಲ್ ಮಾತ್ರ ಹೌಸಿಂಗ್ ಕೂಗಲು ಶುರುವಾದ ಮೇಲೇ ನೆನಪಾಗುವುದು. ಅಷ್ಟು ಹೊತ್ತಿಗೆ ಒಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್, ಸವೆದಿರುತ್ತದೆ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟದ ದಾರಿಯಲ್ಲಿ ಹಳ್ಳ ದಾಟುವ ಗಾಡಿಗಳಿಗೆ ಇದು ಇನ್ನೂ ಮುಖ್ಯ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಆ ಸೆಳೆತಕ್ಕೆ, ಹೌಸಿಂಗ್ ಉಸಿರಾಡುವ ಕಿಂಡಿಯಾದ ಬ್ರೀದರ್‌ನಿಂದಲೋ ಸೀಲ್ ಅಂಚಿನಿಂದಲೋ ನೀರು ಒಳಗೆ ನುಗ್ಗುತ್ತದೆ. ಹಬ್ ಮುಳುಗುವಷ್ಟು ನೀರಿನಲ್ಲಿ ಓಡಿಸಿದ್ದರೆ ಮ್ಯಾನ್ಯುಯಲ್‌ನಲ್ಲಿರುವ ಕಿಲೋಮೀಟರ್ ಲೆಕ್ಕಕ್ಕೆ ಕಾಯಬೇಡಿ. ಮಳೆಗಾಲ ಮುಗಿದ ಕೂಡಲೇ ಬದಲಿಸಿ.

ಇಲ್ಲಿ ಮಾರುತಿ ಜಿಪ್ಸಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಜೀಪುಗಳಿಗೂ ಕ್ರಮ ಇದೇ. ಅಳತೆ, ಗ್ರೇಡ್ ಮಾತ್ರ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ.

ಯಾವ ಆಯಿಲ್?

ಅಂಗಡಿಯಲ್ಲಿ ಸುಮ್ನೆ ‘ನೈಂಟಿ ಆಯಿಲ್ ಕೊಡಿ’ ಅನ್ನಬೇಡಿ, ತೊಂಬತ್ತು ಎಂಬುದು ಆಯಿಲ್ ಎಷ್ಟು ದಪ್ಪ ಎಂದಷ್ಟೇ ಹೇಳುತ್ತದೆ. ಡಬ್ಬದ ಮೇಲೆ ಜಿಎಲ್-5 (ಗೇರ್ ಆಯಿಲ್ ಎಷ್ಟು ಒತ್ತಡ ತಾಳುತ್ತದೆ ಎಂಬ ದರ್ಜೆ) ಎಂದು ಇದೆಯಾ ನೋಡಿ. ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರ್‌ಗಳ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಾಳಿಕೊಳ್ಳಲು ಜಿಎಲ್-4 ಸಾಲದು. ಹಾಗಂತ ಉಳಿದ ಜಿಎಲ್-5 ಅನ್ನು ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಅದರಲ್ಲಿ ಗಂಧಕದ ಅಂಶ ಜಾಸ್ತಿ. ಕೆಲವು ಗೇರ್‌ಬಾಕ್ಸ್‌ಗಳ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೊ ರಿಂಗ್‌ಗಳನ್ನು ಅದು ತಿನ್ನುತ್ತದೆ. ಟ್ರಾನ್ಸ್‌ಫರ್ ಕೇಸ್‌ಗೆ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಚೈನ್ ಇರುವ ಹೊಸ ಕಾಲದ ಕೆಲವು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಗೇರ್ ಆಯಿಲ್ ಅಲ್ಲ, ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್) ಬೇಕು.

ಬ್ಯಾರಲ್‌ನಿಂದ ಅಳೆದು ಕೊಡುವ, ಹೆಸರಿಲ್ಲದ ಲೂಸ್ ಆಯಿಲ್ ಬೇಡವೇ ಬೇಡ. ಸದ್ದು ಕಡಿಮೆ ಮಾಡುತ್ತದೆ ಎಂದು ಮಾರುವ ಮಂದ ದ್ರಾವಣಗಳಿಗೂ ದುಡ್ಡು ಹಾಕಬೇಡಿ. ಅವು ಸವೆದ ಹಲ್ಲನ್ನು ಸರಿ ಮಾಡುವುದಿಲ್ಲ, ಸದ್ದನ್ನು ಮುಚ್ಚುತ್ತವೆ ಅಷ್ಟೆ. ಹಳೆ ಜೀಪು ಕೊಳ್ಳುವವರು ಇದನ್ನು ನೆನಪಿಡಿ. ಮಾರುವ ಮುಂಚೆ ಹೌಸಿಂಗ್‌ಗೆ ದಪ್ಪ ಆಯಿಲ್ ತುಂಬಿಸುವುದು ಹಳೇ ಉಪಾಯ.

ಜಿಪ್ಸಿಗೆ ಮುಂದಿನ ಹೌಸಿಂಗ್‌ಗೆ ಸುಮಾರು 2 ಲೀಟರ್, ಹಿಂದಿನದಕ್ಕೆ ಒಂದೂವರೆ, ಟ್ರಾನ್ಸ್‌ಫರ್ ಕೇಸ್‌ಗೆ ಒಂದು ಲೀಟರ್‌ಗಿಂತ ಕಡಿಮೆ ಹಿಡಿಸುತ್ತದೆ.

ಪ್ಲಗ್‌ ಬಿಚ್ಚುವ ಕೆಲಸ

ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿ ಬನ್ನಿ. ಬೆಚ್ಚಗಾದ ಆಯಿಲ್ ಬೇಗ ಇಳಿಯುತ್ತದೆ, ತಳದ ಕೊಳೆಯೂ ಜೊತೆಗೇ ಬರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರ್‌ನಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಜಿಪ್ಸಿ ಎತ್ತರದ ಗಾಡಿ, ಜಾಕ್ ಬೇಡ. ಜಾಕ್ ಹಾಕಿ ಒಂದು ಬದಿ ಎತ್ತಿದರೆ ಲೆವೆಲ್ಲೂ ತಪ್ಪುತ್ತದೆ, ಜೀವಕ್ಕೂ ಅಪಾಯ.

ಈಗ ಮುಖ್ಯ ಮಾತು. ಪ್ರತಿ ಹೌಸಿಂಗ್‌ಗೂ ಟ್ರಾನ್ಸ್‌ಫರ್ ಕೇಸ್‌ಗೂ ಎರಡೆರಡು ಪ್ಲಗ್. ಮೇಲಿನದು ತುಂಬಿಸಲು, ಕೆಳಗಿನದು ಇಳಿಸಲು. ಮೊದಲು ಮೇಲಿನದನ್ನೇ ಬಿಚ್ಚಿ. ಜನ ಉತ್ಸಾಹದಲ್ಲಿ ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಇಳಿಸುತ್ತಾರೆ. ಆಮೇಲೆ ನೋಡಿದರೆ ಮೇಲಿನದು ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ಆಯಿಲ್ ಇಲ್ಲದ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಮೇಲಿನದು ಮೊದಲೇ ಕೈಕೊಟ್ಟರೆ ಚಿಂತೆಯಿಲ್ಲ, ಹಳೆ ಆಯಿಲ್‌ನಲ್ಲೇ ಗ್ಯಾರೇಜಿನವರೆಗೆ ಓಡಿಸಬಹುದು.

ಪ್ಲಗ್ ಹಾಳಾಗುವುದು ತುಕ್ಕಿನಿಂದ ಕಡಿಮೆ, ಅವಸರದಿಂದ ಜಾಸ್ತಿ. ವೈರ್ ಬ್ರಷ್‌ನಿಂದ ಸುತ್ತಲಿನ ಮಣ್ಣು ಕೆರೆಯಿರಿ. ಪ್ಲಗ್‌ಗೆ ಒಳಗುಂಡಿ ಇದ್ದರೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾದ ಕೆಸರನ್ನು ತಳದವರೆಗೂ ಅಗೆದು ತೆಗೆಯಿರಿ. ಗುಂಡಿಗೆ ಸಿಕ್ಕಿಸುವ ಕೀ ಕೆಸರಿನ ಮೇಲೆ ಕೂತರೆ ಅರ್ಧವೇ ಹಿಡಿಯುತ್ತದೆ, ತಿರುಗಿಸಿದರೆ ಮೂಲೆ ಉರುಟುತ್ತದೆ. ಕೀ ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಟ್ಟು ಕೂರಿಸಿ. ಹೊರತಲೆಯ ಪ್ಲಗ್ ಆದರೆ ಆರು ಮೂಲೆಯ ಸಾಕೆಟ್ಟೇ ಬೇಕು. ಹೊಂದಿಸುವ ಸ್ಪ್ಯಾನರ್, ಪೈಪ್ ರೆಂಚ್ ಹತ್ತಿರ ತರಬೇಡಿ.

ಇನ್ನೊಂದು ತಪ್ಪು. ಕೆಳಗೆ ಮಲಗಿ, ತಲೆ ಮೇಲೆ ಕೈ ಚಾಚಿದಾಗ ಬಲ ಎಡ ಅದಲುಬದಲಾಗಿ, ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಾರೆ. ಪ್ಲಗ್‌ನ ಮುಖವನ್ನು ನೇರ ನೋಡುತ್ತಿದ್ದೇನೆ ಎಂದುಕೊಂಡು ಗಡಿಯಾರಕ್ಕೆ ವಿರುದ್ಧ ತಿರುಗಿಸಿ. ಉದ್ದ ಹಿಡಿಯ ಬಾರ್ ಹಾಕಿ, ಒಂದೇ ಸಮ ಒತ್ತಡ ಕೊಡಿ. ಎಳೆದಾಡಬೇಡಿ. ಬರಲಿಲ್ಲವೇ? ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ನೀವೇ ಬೆಂಕಿ ಹಿಡಿಯಲು ಹೋಗಬೇಡಿ, ಪಕ್ಕದಲ್ಲೇ ಸೀಲ್ ಇದೆ, ಒಳಗೆ ಆಯಿಲ್ ಇದೆ. ಮೂಲೆ ಉರುಟಿದ ಮೇಲೂ ಹಟ ಹಿಡಿಯಬೇಡಿ. ವೆಲ್ಡರ್ ಹತ್ತಿರ ನಟ್ ಅಂಟಿಸಿ ಬಿಚ್ಚಿಸಬಹುದು.

ಇಳಿದ ಆಯಿಲ್ ಏನು ಹೇಳುತ್ತದೆ

ಕೆಳಗಿನ ಪ್ಲಗ್ ಬಿಚ್ಚಿ, ಆಯಿಲ್ ಪೂರ್ತಿ ಇಳಿಯಲಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಹಾಗಿದ್ದರೆ ಹೊಸದನ್ನು ತುಂಬಿ, ಸ್ವಲ್ಪ ದಿನ ಓಡಿಸಿ ಮತ್ತೆ ಇಳಿಸಿ, ಒಳಗೆ ಅಂಟಿದ ನೀರು ಒಂದೇ ಸಲಕ್ಕೆ ಬರುವುದಿಲ್ಲ. ತಳದಲ್ಲಿ ನುಣ್ಣನೆ ಕಪ್ಪು ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಿಸಲೇಬೇಕು.

ಟ್ರಾನ್ಸ್‌ಫರ್ ಕೇಸ್‌ನಲ್ಲಿ ಎಚ್ಚರ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಸಣ್ಣ ಶಾಫ್ಟ್‌ನಿಂದ ಸೇರಿಕೊಂಡ ಬೇರೆಯೇ ಪೆಟ್ಟಿಗೆ. ತಪ್ಪಿ ಗೇರ್‌ಬಾಕ್ಸ್‌ನ ಆಯಿಲ್ ಇಳಿಸಿ, ಹೊಸದನ್ನು ಟ್ರಾನ್ಸ್‌ಫರ್ ಕೇಸ್‌ಗೆ ತುಂಬಿದವರಿದ್ದಾರೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಕಡೆ ಹೋಗುವ ಎರಡೂ ಶಾಫ್ಟ್ ಎಲ್ಲಿಂದ ಹೊರಡುತ್ತವೋ ಅದೇ ಟ್ರಾನ್ಸ್‌ಫರ್ ಕೇಸ್. ಅದು ಅಲ್ಯೂಮಿನಿಯಂನದು. ಬಾರ್ ಹಾಕಿ ಬಿಗಿ ಮಾಡಿದರೆ ಪ್ಲಗ್ ಕೂರುವ ಮರೆ (ಥ್ರೆಡ್) ಕಿತ್ತುಬರುತ್ತದೆ.

ತುಂಬುವುದು

ಕೆಳಗಿನ ಪ್ಲಗ್ ಹಾಕಿ. ವಾಷರ್ ಇದ್ದರೆ ಹೊಸದು ಹಾಕಿ. ಪ್ಲಂಬಿಂಗ್ ಟೇಪ್ ಸುತ್ತುವುದು ನನಗೆ ಒಪ್ಪಿಗೆಯಿಲ್ಲ, ಅದರ ಎಳೆಗಳು ಒಳಗೆ ಸೇರುತ್ತವೆ.

ಹೌಸಿಂಗ್ ಪಕ್ಕದಲ್ಲಿ ಬಾಟಲ್ ಬಗ್ಗಿಸಲು ಜಾಗವಿರುವುದಿಲ್ಲ. ಕೈಪಂಪ್ ತೆಗೆದುಕೊಳ್ಳಿ, ಇಲ್ಲವೇ ಉದ್ದ ಪೈಪಿಗೆ ಆಲಿಕೆ ಸಿಕ್ಕಿಸಿ ಮೇಲಿನಿಂದ ಸುರಿಯಿರಿ. ಬಾಟಲನ್ನು ಮೊದಲು ಬಿಸಿಲಲ್ಲಿಟ್ಟರೆ ಸಲೀಸು. ಮೇಲಿನ ತೂತಿನಿಂದ ಆಯಿಲ್ ತುಳುಕುವವರೆಗೆ ತುಂಬಿ, ಐದು ನಿಮಿಷ ಬಿಡಿ. ಆಕ್ಸಲ್ ಟ್ಯೂಬಿನೊಳಗೆ ಹರಿದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ತೂತಿನ ಕೆಳಅಂಚಿನವರೆಗೆ ನಿಲ್ಲಬೇಕು. ಕಿರುಬೆರಳು ಬಗ್ಗಿಸಿ ಒಳಗಿಟ್ಟರೆ ಗೊತ್ತಾಗುತ್ತದೆ, ಅಲ್ವಾ? ಜಾಸ್ತಿ ತುಂಬಿದರೆ ಸೀಲ್ ದಾಟಿ ಬ್ರೇಕ್ ಲೈನಿಂಗ್‌ಗೆ ಇಳಿಯುತ್ತದೆ.

ಹೌಸಿಂಗ್ ಮೇಲಿನ ಬ್ರೀದರ್ ಬಿಚ್ಚಿ ಊದಿ ನೋಡಿ. ಕೆಸರು ಕಟ್ಟಿದ್ದರೆ ತೊಳೆಯಿರಿ. ಹಳ್ಳ ದಾಟುವ ಗಾಡಿಗೆ ಬ್ರೀದರ್‌ನಿಂದ ರಬ್ಬರ್ ಪೈಪ್ ಎಳೆದು ಬಾಡಿಯವರೆಗೆ ಎತ್ತರಿಸುವುದನ್ನು ಖಂಡಿತ ಮಾಡಿಸಿ.

ಹಳೆ ಆಯಿಲ್ ಅನ್ನು ಬೇಲಿ ಕಂಬಕ್ಕೆ ಬಳಿಯಬೇಡಿ, ಕಾಲುವೆಗೆ ಚೆಲ್ಲಬೇಡಿ. ಡಬ್ಬಕ್ಕೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮಾರನೇ ದಿನ ಒಂದಿಷ್ಟು ಓಡಿಸಿ ಬಂದು, ಆರೂ ಪ್ಲಗ್‌ಗಳ ಕೆಳಗೆ ಒಣ ಬಟ್ಟೆ ಆಡಿಸಿ. ಒದ್ದೆಯಾದರೆ ಆ ಪ್ಲಗ್ ಇನ್ನೊಂದು ಸ್ವಲ್ಪ ಬಿಗಿ ಮಾಡಿ.